ಅಮ್ಮನ ಸಾಲಿನಲ್ಲಿ ಮಗು

ವರ್ಷಕ್ಕೊಂದು ವಾರ ಬಾಟಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸಿಬ್ಬಂದಿ ವಿಭಾಗದ ಮೇಡಂ ಕಂಪ್ಯೂಟರ್ ಇಟ್ಟುಕೊಂಡು ಕೂರುತ್ತಿದ್ದರು. ಯಾವ ವಿಮೆ ಬೇಕು, ಮನೆಯವರಲ್ಲಿ ಯಾರಿಬ್ಬರನ್ನು ಸೇರಿಸಬೇಕು, ಎಲ್ಲ ಆಗಲೇ ಹೇಳಿ ಮುಗಿಸಬೇಕು. ಸುಮ್ಮನಿದ್ದವರಿಗೆ ಹೋದ ವರ್ಷದ್ದೇ ಮುಂದುವರಿಯುತ್ತಿತ್ತು. ಬಾಟಲಿಗಳನ್ನು ದೀಪಕ್ಕೆ ಹಿಡಿದು ಬಿರುಕು ಹುಡುಕುವ ಕೆಲಸದವನು, ಎಲ್ಲರ ಬಾಯಲ್ಲಿ 'ಹದ್ದಿನಕಣ್ಣು', ಇಷ್ಟು ವರ್ಷ ಸುಮ್ಮನಿದ್ದವರ ಪೈಕಿ. ಹೆಂಡತಿ, ಅಮ್ಮ. ಇಬ್ಬರಾಯಿತಲ್ಲ.

ಈ ಸಲ ಹಾಗೆ ಕೂರುವಂತಿರಲಿಲ್ಲ. ಅಮ್ಮ ತೀರಿಕೊಂಡಿದ್ದಳು. ಎಳೆಯ ಮಗಳ ಹೃದಯದಲ್ಲಿ ತೂತಿದೆ ಎಂದು ಡಾಕ್ಟರು ಹೇಳಿದ್ದರು; ವಿಮೆಯಿಲ್ಲದೆ ಆಪರೇಷನ್ ಅವನ ಕೈಲಾಗುವ ಮಾತಲ್ಲ. ಆದರೂ ಕೊನೆಯ ದಿನದವರೆಗೆ ಅವನು ಆ ಮೇಜಿನತ್ತ ಸುಳಿಯಲಿಲ್ಲ. ಯಾಕೆಂದರೆ ಸಂಜೆಯಾದರೆ ಅಮ್ಮನ ಖಾಲಿ ಕೋಣೆಯಿಂದ ಸದ್ದು ಬರುತ್ತಿತ್ತು: ಟಣ್ ಟಣ್, ತುಸು ತಡೆದು ಇನ್ನೊಂದು ಟಣ್. ನೀರು ಬೇಕಾದಾಗ ಅವಳು ಲೋಟದಿಂದ ಮಂಚದ ಕಂಬಿ ಬಡಿಯುತ್ತಿದ್ದುದೇ ಹಾಗೆ. ಗಂಡಹೆಂಡಿರಿಬ್ಬರಿಗೂ ಕೇಳಿಸುತ್ತಿತ್ತು. ಅವನಿಗೆ ಭಯವಿತ್ತು ನಿಜ. ಆದರೆ ಹೆಸರು ಅಳಿಸಿದರೆ ಆ ಸದ್ದೂ ನಿಂತೀತು ಎಂಬ ಸಂಕಟ ಭಯಕ್ಕಿಂತ ದೊಡ್ಡದಾಗಿತ್ತು.

"ಅಮ್ಮನ್ನ ತೆಗೆದು ಮಗೂನ ಸೇರಿಸ್ಬೇಕು ಮೇಡಂ," ಎಂದ, ಕೊನೆಯ ದಿನ ಮೇಜಿನ ಮುಂದೆ ನಿಂತು.

"ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕೋಕೆ ಬಂದ್ರಾ?" ಎಂದು ಮೇಡಂ ಗೊಣಗಿದರು. "ಹೊಸಬರಿಗೆ ಹೆಡ್ ಆಫೀಸ್ ಒಪ್ಪಿಗೆ ಬೇಕು, ಅದಕ್ಕೆ ಟೈಮಿಲ್ಲ. ನಿಮ್ಮ ತಾಯಿ ಸಾಲಲ್ಲೇ ಹೆಸರು, ವಯಸ್ಸು ತಿದ್ದಿಬಿಡ್ತೀನಿ. ಲೇಟಾಗಿ ಬರೋರಿಗೆಲ್ಲ ಹಂಗೇ ಮಾಡೋದು."

ಹೆಸರು ಮಗಳದಾಯಿತು, ವಯಸ್ಸು ಮಗಳದಾಯಿತು. ಕೆಳಗೆ 'ಹಳೆಯ ಕಾಯಿಲೆ: ಉಬ್ಬಸ' ಎಂಬುದು ಹಾಗೇ ಉಳಿಯಿತು.

"ಅದು?"

"ಅದನ್ನ ತಿದ್ದೋಕೆ ಬರಲ್ಲ. ಇರ್ಲಿ ಬಿಡಿ, ಮಗೂನ ಕಚ್ಚುತ್ತಾ?"

ಕೂದಲೆಳೆಯಷ್ಟು ಬಿರುಕು ಕಂಡರೂ ಬಾಟಲಿ ಪಕ್ಕಕ್ಕಿಡುವ ಮನುಷ್ಯ, ಆಪರೇಷನ್ನಿನ ಆಸೆಗೆ ತಲೆಯಾಡಿಸಿಬಿಟ್ಟ.

ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. "ಇವತ್ತು ಅತ್ತೆ ಕೋಣೇಲಿ ಸದ್ದಿಲ್ಲ ಕಣ್ರೀ," ಎಂದಳು.

ಅಮ್ಮನನ್ನು ತಾನೇ ಕುತ್ತಿಗೆ ಹಿಡಿದು ಹೊರಗೆ ನೂಕಿದೆ ಎನಿಸಿ ಅವನ ಕಣ್ಣು ತುಂಬಿತು. ಅಷ್ಟರಲ್ಲಿ ಒಳಗಿನಿಂದ ಕೇಳಿಸಿತು. ಟಣ್ ಟಣ್. ತುಸು ತಡೆದು, ಟಣ್.

ಮಗು ತೊಟ್ಟಿಲಲ್ಲಿ ಎದ್ದು ಕೂತು ಚಮಚದಿಂದ ಕಂಬಿ ಬಡಿಯುತ್ತಿತ್ತು. ಅವನು ನೀರು ತಂದ. ಎರಡು ಗುಟುಕು ಕುಡಿದು, ಮುಂಗೈಯಿಂದ ಲೋಟ ಸರಿಸಿತು. ಅಮ್ಮನೂ ಹಾಗೇ ಸರಿಸುತ್ತಿದ್ದಳು. ಪುಟ್ಟ ಎದೆ ಗೊರಗೊರ ಎನ್ನತೊಡಗಿತ್ತು.

ಅವನು ಮೇಡಂಗೆ ಫೋನ್ ಮಾಡಿದ. "ದಮ್ಮಯ್ಯ ಅಂತೀನಿ, ಆ ಸಾಲು ಅಳಿಸಿಬಿಡಿ."

"ಲಿಸ್ಟ್ ಈಗ್ತಾನೇ ಮುಚ್ಚಿದ್ರಲ್ರೀ. ಇನ್ನೇನಿದ್ರೂ ಮುಂದಿನ ವರ್ಷ."

ಹೆಂಡತಿ ಮಗುವಿಗೆ ಕೈ ಚಾಚಿದಳು. ಅದು ಗುರುತಿಲ್ಲದವರನ್ನು ನೋಡುವಂತೆ ಅವಳನ್ನು ನೋಡಿ, ಅವನ ಕಡೆ ತಿರುಗಿ, ಕೆಲಸದಿಂದ ದಣಿದು ಬಂದ ಮಗನ ತಲೆ ನೇವರಿಸಿತು.

ಹೆಂಡತಿ ಕಿಟಾರನೆ ಕಿರುಚಿದಳು. ತಲೆ ಹಿಂದಕ್ಕೆ ತೆಗೆಯಲು ಅವನಿಗೆ ಮನಸ್ಸೇ ಬರಲಿಲ್ಲ.