ಹೆಸರಿಲ್ಲದ ತಾಬೂತು

ನನ್ನ ಅಪ್ಪ ಮರ್ದಾನಸಾಬ ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿದು ಹೊಟ್ಟೆ ಹೊರೆಯುತ್ತಿದ್ದ. ಜೀವ ಇದ್ದದ್ದು ಮಾತ್ರ ತಾಬೂತಿನಲ್ಲಿ. ಮೊಹರಂ ಹತ್ತಿರ ಬಂತೆಂದರೆ ಗಾದಿ, ದಿಂಬು ಎಲ್ಲ ಮೂಲೆ ಸೇರುತ್ತಿದ್ದವು. ಬಿದಿರು ಸೀಳಿ, ಬಣ್ಣದ ಕಾಗದ ಕತ್ತರಿಸಿ, ಗೋಪುರದಂಥ ತಾಬೂತನ್ನು ಅಂತಸ್ತಿನ ಮೇಲೆ ಅಂತಸ್ತು ಎಬ್ಬಿಸುತ್ತಿದ್ದ. ನೋಡಲು ಶಿರಹಟ್ಟಿಯಿಂದಲೂ ಮಂದಿ ಬರುತ್ತಿದ್ದರು. ಹತ್ತನೆಯ ದಿನ ಅದು ಮೆರವಣಿಗೆಯಲ್ಲಿ ಹೋಗಿ ನೀರು ಸೇರುತ್ತಿತ್ತು. ಅದಕ್ಕೆ ಅವನು ಹಣ ಮುಟ್ಟಿದವನಲ್ಲ, ಎಲ್ಲಿಯೂ ತನ್ನ ಹೆಸರು ಬರೆದವನಲ್ಲ. ದೇವರಿಗೆ ಕಟ್ಟಿದ್ದರ ಮೇಲೆ ಕಟ್ಟಿದವನ ಹೆಸರು ಇರಬಾರದು ಎನ್ನುವುದು ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದಿಂದ ನಡೆದುಬಂದ ಕಟ್ಟುಪಾಡು.

ನಾನು ಗದಗಿನ ಮುದ್ರಣಾಲಯವೊಂದರಲ್ಲಿ ಕೆಲಸ ಮಾಡುವವಳು. ಲಗ್ನಪತ್ರಿಕೆಯಲ್ಲಿ ದೂರದ ಸೋದರಮಾವನ ಹೆಸರು ಬಿಟ್ಟುಹೋಯಿತೆಂದು ಮದುವೆಯನ್ನೇ ನಿಲ್ಲಿಸುವಷ್ಟು ಜಗಳವಾಡುವವರನ್ನು ದಿನಾ ನೋಡುವ ನನಗೆ ಅಪ್ಪನ ಈ ಹಟ ಹಿಡಿಸುತ್ತಿರಲಿಲ್ಲ.

ಲಕ್ವ ಹೊಡೆದು ಬಲಗೈ ಬಿದ್ದಮೇಲೆ ಅವನನ್ನು ಬೆಟಗೇರಿಯ ನನ್ನ ಮನೆಗೆ ಕರೆತಂದೆ. ಬೆರಳುಗಳಿಗೆ ಏನಾದರೂ ಕೆಲಸ ಕೊಡಿ ಎಂದರು ಡಾಕ್ಟರು. ನಮ್ಮ ಮುದ್ರಣಾಲಯದಲ್ಲಿ ಪತ್ರಿಕೆಗಳ ವಿನ್ಯಾಸ ಮಾಡುವ ಮುಂಡರಗಿಯ ಭೀಮೇಶನಿಗೆ ಮಕ್ಕಳಾಟದ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ ಗುಡಿ, ಕೋಟೆ ಕಟ್ಟುವ ಹುಚ್ಚು. ಅವನು ಒಂದು ಚೀಲ ಇಟ್ಟಿಗೆ ತಂದು ಅಪ್ಪನ ಮುಂದೆ ಸುರಿದ. ಅಪ್ಪ ಮೊದಲು ಮುಖ ತಿರುಗಿಸಿದ. ಆಮೇಲೆ ಎಡಗೈಯಿಂದ ಒಂದೊಂದೇ ಒತ್ತತೊಡಗಿದ. ಮೊಹರಂ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಮೊಣಕಾಲೆತ್ತರದ ತಾಬೂತು ನಿಂತಿತ್ತು. ಜಾಲಂದ್ರ, ಮಿನಾರು, ಗುಮ್ಮಟ, ಏನನ್ನೂ ಬಿಟ್ಟಿರಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಭೀಮೇಶ ಅದನ್ನು ಕಟ್ಟುವ ಒಂದೊಂದು ಹಂತವನ್ನೂ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ, ತನ್ನಂಥ ಹವ್ಯಾಸಿಗಳ ಫೋನ್ ಗುಂಪಿಗೆ ಹಾಕುತ್ತೇನೆಂದ. ಬೇಕಾದವರು ಕಟ್ಟಿಕೊಳ್ಳಲಿ ಎಂದು ಅಪ್ಪ ಒಪ್ಪಿದ. ಕೆಳಗೆ ಅಪ್ಪನ ಹೆಸರು ಹಾಕಲೇಬೇಕೆಂದು ನಾನು ಜಗಳ ತೆಗೆದೆ.

"ಕಟ್ಟೋದಷ್ಟ ನಮ್ಮ ಕೆಲಸ, ಮುನ್ನಿ," ಎಂದ ಅಪ್ಪ. ಚಿತ್ರಗಳು ಹೆಸರಿಲ್ಲದೆಯೇ ಹೋದವು.

ಹತ್ತನೆಯ ದಿನ ಬಕೆಟ್ಟಿನಲ್ಲಿ ನೀರು ತರಿಸಿ, ತಾಬೂತನ್ನು ತಾನೇ ಬಿಚ್ಚಿ ಇಟ್ಟಿಗೆಗಳನ್ನು ಅದರಲ್ಲಿ ಬಿಟ್ಟ. ಒಂದು ಫೋಟೊ ಕೂಡ ತೆಗೆಯಗೊಡಲಿಲ್ಲ.

ಆ ಚಳಿಗಾಲದಲ್ಲಿ ಮತ್ತೊಮ್ಮೆ ಲಕ್ವ ಹೊಡೆಯಿತು. ಈ ಸಲ ಕೈಗಿಂತ ನೆನಪಿಗೇ ಪೆಟ್ಟು ಬಿತ್ತು. ನನ್ನನ್ನು ಒಮ್ಮೊಮ್ಮೆ ಬೀಬಿಜಾನ ಎಂದು ತೀರಿಹೋದ ಅವ್ವನ ಹೆಸರಿನಿಂದ ಕರೆಯುತ್ತಿದ್ದ.

ಮರುವರ್ಷ ಭೀಮೇಶ ಸಪ್ಪೆ ಮುಖ ಹೊತ್ತು ಬಂದು ಫೋನ್ ತೋರಿಸಿದ. ಯಾವುದೋ ಅಂಗಡಿಯವನು ಅಪ್ಪನ ತಾಬೂತನ್ನು ಪೆಟ್ಟಿಗೆಗೆ ತುಂಬಿ ಆನ್‌ಲೈನಿನಲ್ಲಿ ಮಾರುತ್ತಿದ್ದ. ಚಿತ್ರಗಳೆಲ್ಲ ಭೀಮೇಶನವೇ. ಅವುಗಳ ಕೆಳಗೆ ಮಾತ್ರ ವಿನ್ಯಾಸಕಾರನೆಂದು ಅಂಗಡಿಯವನ ಹೆಸರಿತ್ತು. ನನಗೆ ಮೈಯೆಲ್ಲ ಉರಿಯಿತು. ಅವತ್ತೇ ದೂರು ಕೊಟ್ಟೆವು. ಮಾರಾಟದ ತಾಣದವರು ಬಹಳ ಮರ್ಯಾದೆಯಿಂದ ಉತ್ತರ ಬರೆದರು. ನಿಮ್ಮದೆನ್ನುವುದಕ್ಕೆ ಮೂಲ ಚಿತ್ರಗಳನ್ನಾದರೂ ಕಳಿಸಿ, ಇಲ್ಲವೇ ಕಟ್ಟಿದವರು ಅದನ್ನು ಕಟ್ಟುತ್ತಿರುವ ಫೋಟೊ ಕಳಿಸಿ ಎಂದರು. ಭೀಮೇಶನ ಕಂಪ್ಯೂಟರ್ ಮಳೆಗಾಲದ ಸಿಡಿಲಿಗೆ ಸುಟ್ಟುಹೋಗಿತ್ತು. ಗುಂಪಿನಲ್ಲೂ ಹಳೆಯದೆಲ್ಲ ಅಳಿಸಿಹೋಗಿತ್ತು.

ಇನ್ನು ಫೋಟೊ ಬೇಕೆಂದರೆ ಅಪ್ಪನೇ ಮತ್ತೆ ಕಟ್ಟಬೇಕಿತ್ತು. ಇಟ್ಟಿಗೆ ಸುರಿದು ಎದುರು ಕೂತೆ. ಎರಡು ಅಂತಸ್ತು ಸರಾಗ ಎದ್ದವು. ಮೂರನೆಯದಕ್ಕೆ ಕೈ ನಿಂತಿತು. ಒಂದು ಇಟ್ಟಿಗೆ ಹಿಡಿದು ಬಹಳ ಹೊತ್ತು ನೋಡಿದ, ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆವತ್ತಿನಷ್ಟು ಸಂಕಟ ನನಗೆ ಅವನ ಕೈ ಬಿದ್ದಾಗಲೂ ಆಗಿರಲಿಲ್ಲ.

ಕೊನೆಗೆ ಉಳಿದದ್ದು ಒಂದೇ ದಾರಿ. ಹಲ್ಲು ಕಚ್ಚಿಕೊಂಡು ಆ ಅಂಗಡಿಯಿಂದಲೇ ಪೆಟ್ಟಿಗೆ ತರಿಸಿದೆ. ಕಳುವಾದ ನಮ್ಮದನ್ನೇ ಕಳ್ಳನಿಂದ ಕೊಂಡೆ. ನೋಡುತ್ತ ಕಟ್ಟಿದರೆ ಅಪ್ಪನಿಗೆ ಎಲ್ಲ ನೆನಪಾದೀತು, ತನ್ನದೆಂದು ಒಂದು ಸಲ ಬಾಯಿಬಿಟ್ಟು ಹೇಳಿಯಾನು ಎಂಬ ಆಸೆ. ಅಪ್ಪ ಪೆಟ್ಟಿಗೆಯೊಳಗಿದ್ದ ಪುಸ್ತಿಕೆ ತಿರುವಿ ತಿರುವಿ, ಶಾಲೆಯ ಹುಡುಗನಂತೆ ಚಿತ್ರ ನೋಡಿಕೊಂಡು ದಿನಾ ಸ್ವಲ್ಪ ಸ್ವಲ್ಪ ಕಟ್ಟಿದ. ಗುಮ್ಮಟ ಕೂರಿಸುವ ದಿನ ನಾನು ಫೋನ್ ಹಿಡಿದು ನಿಂತೆ. ಅವನು ಗುಮ್ಮಟ ಒತ್ತಿ, ಜಾಲಂದ್ರದ ಮೇಲೆ ಮೆಲ್ಲಗೆ ಕೈಯಾಡಿಸಿದ.

"ಭಾಳ ಚಂದ ಕಟ್ಯಾನ. ಯಾರವ್ವ ಇಂವ?"

ನಾನು ಫೋನ್ ಕೆಳಗಿಟ್ಟು ಪಕ್ಕದಲ್ಲಿ ಕೂತೆ.

"ಇದು ನಿಂದ ಐತಪ್ಪಾ. ನೀನ ಕಟ್ಟಿದ್ದು."

ಸಣ್ಣ ಮಕ್ಕಳ ಮಾತಿಗೆ ನಗುವಂತೆ ನಕ್ಕ. ಪುಸ್ತಿಕೆ ಎತ್ತಿಕೊಂಡು, ಕೆಳಗಿದ್ದ ಅಂಗಡಿಯವನ ಹೆಸರಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದ.

"ನಂದಾಗಿದ್ರ ಇದರ ಮ್ಯಾಲ ಹೆಸರ ಇರ್ತಿತ್ತೇನ, ಹುಚ್ಚಿ?"