ಎಣ್ಣೆ ತಿನ್ನದ ಫಿಯೆಟ್

ಸುಮಿತ್ರಾ ಮೇಡಂ ಬೈಕುಲ್ಲಾದ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದ ರಭಸಕ್ಕೇ ಮೆಕ್ಯಾನಿಕ್ ಶ್ರೀಮಂತನಿಗೆ ಗೊತ್ತಾಯಿತು, ಇವತ್ತು ರಂಪ ತಪ್ಪಿದ್ದಲ್ಲ. ಐವತ್ತು ವರ್ಷದ ಫಿಯೆಟ್ ಅದು. ಅವರ ತಂದೆ ಮೈಸೂರಿನಿಂದ ಮುಂಬಯಿಗೆ ವರ್ಗವಾಗಿ ಬಂದಾಗ ಕೊಂಡದ್ದು. ಮೇಡಂ ಅದನ್ನು ಹೆತ್ತ ಮಗುವಿನಂತೆ ನೋಡಿಕೊಳ್ಳುತ್ತಿದ್ದರು. ಹೆತ್ತ ಮಗುವನ್ನಾದರೂ ಒಮ್ಮೊಮ್ಮೆ ಗದರಿಸುತ್ತಾರೆ, ಇದಕ್ಕೆ ಅದೂ ಇರಲಿಲ್ಲ.

"ಸಾಯನ್ ಸಿಗ್ನಲ್ಲಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿಕೊಳ್ತು ಶ್ರೀಮಂತ," ಎಂದರು ಇಳಿಯುತ್ತಲೇ. "ಅವನದೇ ಕೆಲಸ. ಪೆಟ್ರೋಲ್ ಕದ್ದಿದ್ದು ಸಾಲದು ಅಂತ, ಹೋಗೋವಾಗ ಎಂಜಿನ್ನಿಗೂ ಏನೋ ಹಾಕಿ ಹೋಗಿದ್ದಾನೆ."

ಅವನು ಎಂದರೆ ಶಾಂತಪ್ಪ, ಆರು ವರ್ಷ ಈ ಕಾರು ಓಡಿಸಿದವನು. ಬೀದರ್ ಕಡೆಯವನು, ಶ್ರೀಮಂತನ ಊರಿನವನೇ. ಕೆಲಸಕ್ಕೆ ಸೇರಿಸಿದವನೂ ಶ್ರೀಮಂತನೇ. ಎರಡು ತಿಂಗಳಿಂದ ಪೆಟ್ರೋಲ್ ಯಾಕೋ ಬೇಗ ಖಾಲಿಯಾಗುತ್ತಿತ್ತು. ಹದಿನೈದು ದಿನದ ಹಿಂದೆ ಮೇಡಂ ಕಾರು ತೋರಿಸಲು ತಂದಾಗ ಶ್ರೀಮಂತ ಟ್ಯಾಂಕು, ಪೈಪು ಎಲ್ಲ ಮುಟ್ಟಿ ನೋಡಿ, "ಎಲ್ಲೂ ಲೀಕ್ ಇಲ್ರಿ" ಎಂದಿದ್ದ. ಲೀಕ್ ಇಲ್ಲದಿದ್ದರೆ ಕಳ್ಳತನ. ಮರುದಿನವೇ ಶಾಂತಪ್ಪನ ಕೆಲಸ ಹೋಯಿತು. ಮೇಡಂ ಇದ್ದ ಹೌಸಿಂಗ್ ಸೊಸೈಟಿಯವರ ಮುಂದೆಲ್ಲ ಕಳ್ಳ ಎನಿಸಿಕೊಂಡವನ ಕೈಗೆ ಇಡೀ ಘಾಟ್ಕೋಪರಿನಲ್ಲಿ ಮತ್ಯಾರೂ ಗಾಡಿಯ ಕೀಲಿ ಕೊಡಲಿಲ್ಲ. ಕಾರು ಕೂಡ ಅಂದಿನಿಂದ ಗೇಟು ದಾಟಿದ್ದು ಇವತ್ತೇ.

ಈಗ ಶಾಂತಪ್ಪನೂ ಬಂದಿದ್ದ. ಮೇಡಮ್ಮೇ ಫೋನ್ ಮಾಡಿ ಕರೆಸಿದ್ದರು. ಬಾಗಿಲ ಬಳಿ ಕೈಕಟ್ಟಿ ನಿಂತವನ ಮುಖ ಬಿಳಿಚಿತ್ತು.

"ಪೊಲೀಸ್ ಕಂಪ್ಲೇಂಟ್ ಬರೆದುಕೊಂಡೇ ಬಂದಿದ್ದೀನಿ," ಮೇಡಂ ಬ್ಯಾಗು ತಟ್ಟಿದರು. "ಏನು ಬೆರೆಸಿದ್ದಾನೆ ಅಂತ ನೀವು ಹೇಳಿದ್ರೆ ಸಾಕು, ಇಲ್ಲಿಂದ ಸೀದಾ ಹೋಗಿ ಕೊಡ್ತೀನಿ."

ಶ್ರೀಮಂತ ಬಾನೆಟ್ ಎತ್ತಿದ. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಅದ್ದಿ ತೆಗೆದ. ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ಎರಡು ಬೆರಳು ಏರಿತ್ತು.

"ಎಣ್ಣಿ ಯಾರರ ಹಾಕ್ಯಾರೇನ್ರಿ?"

"ಯಾರೂ ಹಾಕಿಲ್ಲ. ಮೊದಲೆಲ್ಲ ತಿಂಗಳಿಗೆ ಅರ್ಧ ಲೀಟರ್ ಬೇಕಿತ್ತು. ಈ ಎರಡು ತಿಂಗಳಿಂದ ಒಂದು ಹನಿ ತಿನ್ನಲ್ಲ, ಅಷ್ಟು ಚೆನ್ನಾಗಿದೆ ಎಂಜಿನ್ನು!"

ಮುದಿ ಎಂಜಿನ್ ಎಣ್ಣೆ ತಿನ್ನುವುದು ಬಿಟ್ಟಿತೆಂದರೆ ಖುಷಿಪಡುವವರು ಮಾಲೀಕರು ಮಾತ್ರ. ಮೆಕ್ಯಾನಿಕನಾದವನು ಹೆದರಬೇಕು. ಶ್ರೀಮಂತ ಕಡ್ಡಿಯ ತುದಿಯನ್ನು ಬೆರಳಲ್ಲಿ ಉಜ್ಜಿದ. ಎಣ್ಣೆ ನೀರಿನಂತೆ ಜಾರಿತು. ಮೂಗಿಗೆ ಹಿಡಿದ. ಗಮ್ಮೆಂದು ಪೆಟ್ರೋಲ್ ವಾಸನೆ.

ಹೇಳಿದರೆ, ಶಾಂತಪ್ಪ ಕದ್ದ ಪೆಟ್ರೋಲನ್ನೇ ಸುರಿದು ಸೇಡು ತೀರಿಸಿಕೊಂಡ ಎನ್ನುತ್ತಾರೆ ಮೇಡಂ. ಹೇಳದೆ ಹೊಸ ಎಣ್ಣೆ ಹಾಕಿ ಕಳಿಸಿದರೆ ಶಾಂತಪ್ಪ ಜನ್ಮವಿಡೀ ಕಳ್ಳನಾಗಿಯೇ ಉಳಿಯುತ್ತಾನೆ.

"ಎಣ್ಣ್ಯಾಗ ಪೆಟ್ರೋಲ್ ಅದರಿ," ಎಂದ.

"ನಾನು ಹೇಳಲಿಲ್ವಾ!" ಮೇಡಂ ಬ್ಯಾಗಿನಿಂದ ಕಾಗದ ತೆಗೆದರು.

ಶಾಂತಪ್ಪ ಒಂದು ಹೆಜ್ಜೆ ಮುಂದೆ ಬಂದ. "ಕಾಕಾ, ನಮ್ಮವ್ವನ ಆಣಿ, ನಾ ಏನೂ ಹಾಕಿಲ್ಲ."

"ಸುಮ್ಮ ನಿಂದ್ರು. ಮೇಡಂ, ಹತ್ತ ಮಿನಿಟ್ ತಡೀರಿ. ಪೆಟ್ರೋಲ್ ಎಳಿಯೋ ಪಂಪ್ ಬಿಚ್ಚತೀನಿ. ಅದರೊಳಗಿನ ರಬ್ಬರ್ ಹರಿದಿದ್ರ ಪೆಟ್ರೋಲ್ ತಾನ ಎಣ್ಣ್ಯಾಗ ಇಳೀತದ."

"ಹರಿದಿಲ್ಲದಿದ್ರೆ?"

ಶ್ರೀಮಂತ ಬೋಲ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡ. ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡ ಪುಟ್ಟ ಪಂಪು ಇನ್ನೂ ಸುಡುತ್ತಿತ್ತು. ಪಾನಾ ಎರಡು ಸಲ ಜಾರಿ ಬೆರಳ ಗೆಣ್ಣು ತರಚಿತು. ಕೊನೆಗೂ ಮುಚ್ಚಳ ಬಿಚ್ಚಿ, ಅಂಗೈಯಗಲದ ಕಪ್ಪು ರಬ್ಬರ್ ಪರದೆ ಹೊರತೆಗೆದ. ಇಡಿಯಾಗಿತ್ತು. ತಿರುವಿ ನೋಡಿದ. ಆ ಕಡೆಯೂ ಇಡಿಯಾಗಿತ್ತು.

"ಚೆನ್ನಾಗೇ ಇದೆಯಲ್ರೀ," ಎಂದರು ಮೇಡಂ. ಶಾಂತಪ್ಪ ಗೋಡೆಗೆ ಒರಗಿದ.

ಆದರೆ ಕೆಲಸ ಮಾಡುವಾಗ ಈ ಪರದೆ ಸುಮ್ಮನೆ ಕೂತಿರುವುದಿಲ್ಲ, ಮೇಲೆ ಕೆಳಗೆ ಎಳೆದಾಡುತ್ತದೆ. ಶ್ರೀಮಂತ ಅದನ್ನು ರಸ್ತೆಯ ಬಿಸಿಲಿಗೆ ಹಿಡಿದು ಹೆಬ್ಬೆರಳಿನಿಂದ ನಡುವೆ ಒತ್ತಿದ. ಅಂಚಿನ ಮಡಿಕೆಯಲ್ಲಿ ಉಗುರುದ್ದದ ಸೀಳೊಂದು ಮೆಲ್ಲಗೆ ಬಾಯಿ ತೆರೆಯಿತು.

"ಬರ್ರಿ ಮೇಡಂ, ನೋಡ್ರಿ! ನಿಮ್ಮ ಪೆಟ್ರೋಲ್ ಇಲ್ಲಿಂದ ಹೋಗ್ಯಾದ. ಬಿಸಿಗೆ ಅರ್ಧ ಹವಾ ಆಗ್ಯಾದ, ಅರ್ಧ ಎಣ್ಣ್ಯಾಗ ಕುಂತದ. ಅದಕ್ಕ ಎಣ್ಣಿ ಕಮ್ಮಿ ಕಂಡಿಲ್ಲ, ತೆಳ್ಳಗಾಗಿ ಕೆಂಪು ದೀಪ ಹತ್ಯಾದ."

ಮೇಡಂ ಪರದೆಯನ್ನು ತಾವೇ ಒತ್ತಿ ನೋಡಿದರು. ಮತ್ತೊಮ್ಮೆ ಒತ್ತಿದರು. ಅವರಿಗೆ ಜಂಭವಿತ್ತೇ ಹೊರತು ಕೆಟ್ಟತನವಿರಲಿಲ್ಲ. ಕಂಪ್ಲೇಂಟ್ ಹರಿದುಹಾಕಿ ಶಾಂತಪ್ಪನ ಎದುರಿಗೆ ಹೋಗಿ ನಿಂತರು.

"ತಪ್ಪಾಯ್ತು ಶಾಂತಪ್ಪ. ನಾಳೆಯಿಂದ ಬಾಪ್ಪ. ಸೊಸೈಟಿಯವರಿಗೆಲ್ಲ ನಾನೇ ಹೇಳ್ತೀನಿ."

"ಬರ್ತೀನ್ರಿ," ಶಾಂತಪ್ಪ ಕೈ ಮುಗಿದ.

ಶ್ರೀಮಂತನಿಗೆ ಹೋದ ಜೀವ ಬಂದಂತಾಯಿತು. ನಗುತ್ತ ಬಂದು ಅವನ ಹೆಗಲ ಮೇಲೆ ಕೈಯಿಡಹೋದ. ಶಾಂತಪ್ಪ ಹಿಂದೆ ಸರಿದ.

"ಅವತ್ತು ಲೀಕ್ ಇಲ್ಲ ಅಂದಾಗ ಎಣ್ಣಿ ಮೂಸಿ ನೋಡಿದ್ದೇನು ಕಾಕಾ?"

"ಇಲ್ಲೋ. ಗಡಿಬಿಡ್ಯಾಗ ಇದ್ದೆ."

"ಮೇಡಮ್ಮೋರ ಮ್ಯಾಗ ನನಗ ಸಿಟ್ಟಿಲ್ಲ, ಅವರಿಗಿ ಎಂಜಿನ್ ಗೊತ್ತಿಲ್ಲ. ನಿನಗ ಎಂಜಿನ್ನೂ ಗೊತ್ತಿತ್ತು, ನಾನೂ ಗೊತ್ತಿದ್ದೆ."

ನಾಚಿಕೆಯಿಂದ ಶ್ರೀಮಂತನ ತಲೆ ತಗ್ಗಿತು. ಅವನು ಮತ್ತೆ ಕತ್ತೆತ್ತುವಷ್ಟರಲ್ಲಿ ಶಾಂತಪ್ಪ ರಸ್ತೆ ದಾಟಿ ಹೋಗಿದ್ದ.