ತವರುಮನೆಯ ವಿಳಾಸ

ಪಂಚಮಿಗೆ ಅಕ್ಕ ಬರುತ್ತಾಳೆಂದರೆ ತಮ್ಮನಾದವನು ಸೀರೆ ತಂದಿಟ್ಟಿರಬೇಕು. ಹಾವೇರಿಯಾದರೇನು, ಸಿಡ್ನಿಯ ಲಿವರ್‌ಪೂಲ್ ಆದರೇನು, ಈರಯ್ಯ ಅದನ್ನು ತಪ್ಪಿಸಿದವನಲ್ಲ. ಅಪ್ಪ ಅವ್ವ ತೀರಿಕೊಂಡ ಮೇಲೆ ಗೌರಕ್ಕನಿಗೆ ತವರೆಂದರೆ ಅವನ ಎರಡು ಬೆಡ್‌ರೂಮಿನ ಫ್ಲ್ಯಾಟೇ. ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ಅವಳದು ದೊಡ್ಡ ಮನೆ, ಗಂಡನದು ದೊಡ್ಡ ಕೆಲಸ. ಆದರೂ ವರ್ಷಕ್ಕೊಮ್ಮೆ ವಿಮಾನ ಹತ್ತಿ ಬಂದು, ತಮ್ಮನ ಹೆಂಡತಿ ಸಂಧ್ಯಾರಾಣಿಯಿಂದ ಉಡಿ ತುಂಬಿಸಿಕೊಂಡು ಹೋಗುತ್ತಿದ್ದಳು. ಆಸ್ಪತ್ರೆಯಲ್ಲಿ ರೋಗಿಗಳ ಮಂಚ ತಳ್ಳುವ ಈರಯ್ಯನಿಗೆ ಆ ಎರಡು ದಿನ ತಾನೂ ಒಬ್ಬ ಯಜಮಾನ ಅನ್ನಿಸುತ್ತಿತ್ತು.

ಕಳೆದ ಪಂಚಮಿಗೆ ಅವಳು ಸೀರೆಯನ್ನು ಪಕ್ಕಕ್ಕೆ ಸರಿಸಿದಳು.

"ಈ ಸಲ ಸೀರಿ ಬ್ಯಾಡೋ ತಮ್ಮಾ. ಒಂದು ಸಹಿ ಮಾಡಿಕೊಡು, ಸಾಕು."

ಅವಳ ಮಗ ಇಂದ್ರೇಶ್ ಹನ್ನೆರಡನೇ ತರಗತಿ ಮುಗಿಸಿ ಆರೇಳು ತಿಂಗಳಿಂದ ಮನೆಯಲ್ಲೇ ಕಾಲ ಕಳೆಯುತ್ತಿದ್ದ. ಮೆಲ್ಬರ್ನ್‌ನ ಒಂದು ಸರ್ಕಾರಿ ಯೂನಿವರ್ಸಿಟಿ ಹೊರರಾಜ್ಯದ ವಿದ್ಯಾರ್ಥಿಗಳಿಗೆಂದೇ ಮೆರಿಟ್ ಸ್ಕಾಲರ್‌ಶಿಪ್ ಕೊಡುತ್ತಿತ್ತು. ಫೀಸು, ಹಾಸ್ಟೆಲು ಎಲ್ಲ ಅವರದೇ. ಮೆಲ್ಬರ್ನ್‌ನಲ್ಲೇ ಬೆಳೆದವನು ಹೊರರಾಜ್ಯದವನಾಗುವುದು ಹೇಗೆ? ಶಾಲೆ ಮುಗಿದಾಗಿನಿಂದ ಸಿಡ್ನಿಯ ಸೋದರಮಾವನ ಮನೆಯಲ್ಲಿದ್ದಾನೆ ಎಂದು ಮಾವನೇ ಪ್ರಮಾಣಪತ್ರ ಬರೆದುಕೊಟ್ಟರೆ ಆಯಿತು.

"ನಮ್ಮ ಅಮೂಲ್ಯಾನೂ ಅದಕ್ಕ ಅರ್ಜಿ ಹಾಕಾಕಿ ಅದಾಳ," ಎಂದಳು ಸಂಧ್ಯಾರಾಣಿ. ಮಗಳು ಆಗ ಹನ್ನೆರಡನೇ ತರಗತಿಯಲ್ಲಿದ್ದಳು.

"ಹಾಕಲಿ ಬಿಡವಾ, ಇಬ್ರೂ ಕೂಡಿ ಓದ್ತಾರ. ತವರುಮನಿ ಮ್ಯಾಲೆ ನನ್ನ ಮಗಗ ಇಷ್ಟೂ ಹಕ್ಕಿಲ್ಲೇನು?"

ತವರಿನ ಮಾತು ಬಂದ ಮೇಲೆ ಈರಯ್ಯ ಕಾಗದ ತೆಗೆದುಕೊಂಡ. "ರೂಲ್ಸ್ ಓದಿ ನೋಡಿ ಸಹಿ ಮಾಡ್ರಿ," ಎಂದು ಹೆಂಡತಿ ಹೇಳಿದ್ದು ಕಿವಿಗೆ ಬೀಳದವನಂತೆ ಲೈಬ್ರರಿಗೆ ಹೋಗಿ, ಅಲ್ಲಿ ಕೂತು ಪ್ರಮಾಣಪತ್ರಗಳಿಗೆ ಸಾಕ್ಷಿ ಹಾಕುವ ಮುದುಕನೆದುರು ಸುಳ್ಳಿಗೆ ಸಹಿ ಮಾಡಿ ಬಂದ. ಸುಳ್ಳು ಅಂತ ಗೊತ್ತಿತ್ತು. ಅಕ್ಕನ ಮಗನಿಗಾಗಿ ಹೇಳಿದ ಸುಳ್ಳು ಪುಣ್ಯದ ಲೆಕ್ಕಕ್ಕೇ ಸೇರುತ್ತದೆಂದು ನಂಬಿದ್ದ, ಅಷ್ಟೆ.

ಅಮೂಲ್ಯಾ ಒಂಬತ್ತನೇ ತರಗತಿಯಿಂದಲೂ ಪಶುವೈದ್ಯಳಾಗುತ್ತೇನೆಂದು ಹಟ ಹಿಡಿದವಳು. ಆ ಸ್ಕಾಲರ್‌ಶಿಪ್ ಸಿಕ್ಕರೆ ಮೆಲ್ಬರ್ನ್, ಇಲ್ಲದಿದ್ದರೆ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವ ಯಾವುದಾದರೊಂದು ಕೋರ್ಸು. ಡಿಸೆಂಬರಿನಲ್ಲಿ ಅಂಕ ಬಂದಾಗ ನೂರರಲ್ಲಿ ತೊಂಬತ್ತೆಂಟು ದಾಟಿತ್ತು. ಇಂದ್ರೇಶನದು ತೊಂಬತ್ತೊಂದು. ಆದರೆ ಅವನ ಅಂಕ ಹಿಂದಿನ ವರ್ಷದ್ದೇ ಆದ್ದರಿಂದ ಮೊದಲ ಸುತ್ತಿನಲ್ಲೇ ಅರ್ಜಿ ಹೋಗಿ, ಸ್ಕಾಲರ್‌ಶಿಪ್ಪೂ ಬಂದಾಗಿತ್ತು. ಅರ್ಜಿಯ ಜೊತೆ ಮಗ ಬರೆದಿದ್ದ ಪ್ರಬಂಧವನ್ನು ಗೌರಕ್ಕ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಳು. ಬಡ ಮಾವನ ಮನೆಯಲ್ಲಿ ವರ್ಷವಿಡೀ ನೆಲದ ಮೇಲೆ ಮಲಗಿದೆ, ಓದು ಬರಹ ತಿಳಿಯದ ಮಾವನ ಕಾಗದಪತ್ರ ನಾನೇ ನೋಡಿಕೊಂಡೆ ಎಂದು ಬರೆದಿದ್ದ ಮಹಾಶಯ. ಅವನು ಆ ಮನೆಯಲ್ಲಿ ಮಲಗಿದ್ದು ಅವ್ವನ ಜೊತೆ ಬಂದಿದ್ದ ಪಂಚಮಿಯ ಎರಡು ರಾತ್ರಿ, ಅದೂ ಅಮೂಲ್ಯಾಳ ಮಂಚದ ಮೇಲೆ. ಬಾತ್‌ರೂಮು ಗಲೀಜು ಎಂದು ಮೂಗು ಬೇರೆ ಮುರಿದಿದ್ದ. ಉಂಡ ಮನೆಯ ಜಂತಿ ಎಣಿಸುವವರನ್ನು ಈರಯ್ಯ ನೋಡಿದ್ದ. ಎಣಿಸಿ ಬಹುಮಾನ ತಗೊಂಡವನನ್ನು ನೋಡಿದ್ದು ಇದೇ ಮೊದಲು.

ಜನವರಿಯಲ್ಲಿ ಅಮೂಲ್ಯಾಗೆ ಉತ್ತರ ಬಂತು. ಒಂದು ಮನೆಯ ವಿಳಾಸಕ್ಕೆ ವರ್ಷಕ್ಕೆ ಒಂದೇ ಸ್ಕಾಲರ್‌ಶಿಪ್, ನಿಮ್ಮ ಮನೆಯ ಇಂದ್ರೇಶ್ ಅವರಿಗೆ ಅದು ಸಂದಿದೆ, ನಿಮ್ಮ ಕುಟುಂಬಕ್ಕೆ ಅಭಿನಂದನೆಗಳು.

ಈರಯ್ಯ ಅದನ್ನು ಮೂರು ಸಲ ಓದಿ ಅಕ್ಕನಿಗೆ ಫೋನ್ ಮಾಡಿದ. ಸ್ಪೀಕರ್ ಹಾಕೆಂದಳು ಸಂಧ್ಯಾರಾಣಿ.

"ಒಂದು ಮನಿಗೆ ಒಂದೇ ಅನ್ನೋ ರೂಲ್ ನಿನಗ ಗೊತ್ತಿತ್ತೇನಕ್ಕಾ?"

"ಗೊತ್ತಿತ್ತು. ಹೆಣ್ಣುಹುಡುಗೀನ್ನ ಊರು ಬಿಟ್ಟು ಎಲ್ಲಿ ಕಳಸ್ತಿ, ಹೆಂಗೂ ನೀ ಕಳಸೂದಿಲ್ಲ ಅಂತ ತಿಳಕೊಂಡೆ. ಮನೆತನಕ್ಕ ಬಂತಲ್ಲ, ಯಾರಿಗೆ ಬಂದರೇನು?"

"ನಾ ಖರೆ ಬರದು ಕಳಸ್ತೀನಿ."

"ಕಳಸು. ಸಹಿ ನಂದಲ್ಲ, ನಿಂದು. ಸುಳ್ಳು ಪ್ರಮಾಣ ಮಾಡಿದವನ್ನ ಆಸ್ಪತ್ರಿಯವರು ಇಟಗೊಂತಾರೇನು, ಕೇಳಿ ನೋಡು ಮೊದಲ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ತಮ್ಮನಿಗೆ ಬುದ್ಧಿ ಹೇಳುವ ಅಕ್ಕನ ದನಿಯೇ ಅದು. ಇಷ್ಟು ವರ್ಷ ಇವಳ ಕಾಲಿಗೆ ಬಿದ್ದು ಆಶೀರ್ವಾದ ಬೇಡಿದೆನಲ್ಲ ಎಂದು ಈರಯ್ಯನಿಗೆ ತನ್ನ ಹಣೆಯ ಮೇಲೇ ಹೇಸಿಗೆ ಹುಟ್ಟಿತು.

"ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ," ಎಂದು ಸಂಧ್ಯಾರಾಣಿ ಎದ್ದು ಒಳಗೆ ಹೋದಳು. ಅತ್ತಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅವನು ಮಗಳ ಲ್ಯಾಪ್‌ಟಾಪ್ ಎಳೆದುಕೊಂಡು ಕೂತ. ತನಗೆ ಬಂದ ಇಂಗ್ಲಿಷಿನಲ್ಲೇ ಬರೆದ. ಇಂದ್ರೇಶ್ ನನ್ನ ಮನೆಯಲ್ಲಿ ಇರಲಿಲ್ಲ, ನಾನು ಸುಳ್ಳು ಬರೆದುಕೊಟ್ಟೆ, ತಪ್ಪು ನನ್ನದು, ಮಗಳದಲ್ಲ. ಬರೆಯಲು ಒಂದು ಗಂಟೆ ಹಿಡಿಯಿತು. ಅಮೂಲ್ಯಾ ಪಕ್ಕದಲ್ಲೇ ಕೂತು ಒಂದೊಂದು ಸಾಲೂ ಓದುತ್ತಿದ್ದಳು. ಸ್ಪೆಲಿಂಗ್ ತಪ್ಪಿದರೂ ತಿದ್ದಲಿಲ್ಲ. ಎಲ್ಲ ಮುಗಿದು ಅವನ ಬೆರಳು ಕಳಿಸುವ ಗುಂಡಿಯ ಹತ್ತಿರ ಬಂದಾಗ ಮೆಲ್ಲಗೆ ಹೇಳಿದಳು:

"ಡೋಂಟ್ ಸೆಂಡ್ ಇಟ್, ಅಪ್ಪ. ಯು ವಿಲ್ ಲೂಸ್ ಯುವರ್ ಜಾಬ್."

ಈರಯ್ಯ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟ. ಎದೆ ಹಗುರಾಯಿತು, ಭುಜ ಇಳಿಯಿತು. ಅಮೂಲ್ಯಾ ಅದನ್ನು ನೋಡಿದಳು. ಇಲ್ಲ ಮಗಳೇ, ಕಳಿಸುತ್ತೇನೆ ಎಂದು ಅಪ್ಪ ಹೇಳಲಿ ಎಂಬ ಆಸೆಯಿಂದಲೇ ಅವಳು ಬೇಡ ಅಂದಿದ್ದಳು. ಅವಳ ಮುಖ ನೋಡಿದಾಗಲೇ ಅದು ಈರಯ್ಯನಿಗೂ ತಿಳಿಯಿತು.

"ಓಕೆ," ಎಂದು ಅವಳು ಎದ್ದು ತನ್ನ ಕೋಣೆಗೆ ಹೋದಳು.

ಈರಯ್ಯ ಬರೆದದ್ದನ್ನೆಲ್ಲ ಒಂದೊಂದೇ ಸಾಲು ಅಳಿಸಿದ. ಅಳಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.